ಬ್ಲೂ ಮೌಂಟನ್ಸ್‌ನಲ್ಲಿ ಮಾರ್ಗದರ್ಶಿಯೊಂದಿಗೆ ಒಂದು ದಿನದ ಚಾರಣ: ಕೊಟ್ಟ ಹಣಕ್ಕೆ ತಕ್ಕುದೇ?

ಬೆನ್ನುಚೀಲದ ಪಯಣಿಗ (ಮೂಲ ಬರಹ)

ಎಲ್ಲರಿಗೂ ನಮಸ್ಕಾರ. ಭಾರತದ 18ರಿಂದ 30 ವರ್ಷದವರಿಗೆಂದು ಆಸ್ಟ್ರೇಲಿಯಾ 2024ರಲ್ಲಿ ವರ್ಕ್ ಅಂಡ್ ಹಾಲಿಡೇ ವೀಸಾ ತೆರೆಯಿತಲ್ಲ, ವರ್ಷಕ್ಕೆ ಒಂದು ಸಾವಿರ ಮಂದಿಗೆ ಚೀಟಿ ಎತ್ತಿ ಕೊಡುವಂಥದ್ದು, ಅದರಲ್ಲಿ ಬಂದವನು ನಾನು. ಸದ್ಯ ಸಿಡ್ನಿಯ ಹಾಸ್ಟೆಲೊಂದರಲ್ಲಿದ್ದೇನೆ. ಹಣ ಎಣಿಸಿಕೊಂಡು ತಿರುಗುವ ನಮ್ಮಂಥವರು ಸಿಡ್ನಿ ಹತ್ತಿರದ ಬ್ಲೂ ಮೌಂಟನ್ಸ್ ಚಾರಣಕ್ಕೆ ಮಾರ್ಗದರ್ಶಿಗೆ ದುಡ್ಡು ಕೊಡಬೇಕೇ, ರೈಲು ಹತ್ತಿ ತಾವೇ ಹೋಗಬಾರದೇ ಎಂಬ ಪ್ರಶ್ನೆ ಇಲ್ಲಿ ಮತ್ತೆ ಮತ್ತೆ ಬರುತ್ತಿದೆ. ಹೋಗಿ ಬಂದಿದ್ದೇನೆ, ಕಂಡದ್ದನ್ನು ವಿವರವಾಗಿ ಬರೆಯುತ್ತೇನೆ. ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ವೀಕ್ಷಣಾ ಕಟ್ಟೆಯಿಂದ ವೀಕ್ಷಣಾ ಕಟ್ಟೆಗೆ ಓಡಿಸುವ ದೊಡ್ಡ ಬಸ್ಸಿನ ಪ್ರವಾಸಕ್ಕೆ ಕೊಡುವ ಹಣ ದಂಡ. ಕಮರಿಗೆ ಇಳಿಸಿ, ಜೋಪಾನವಾಗಿ ಮೇಲಕ್ಕೆ ಕರೆತರುವ ಸಣ್ಣ ಗುಂಪಿನ ಚಾರಣಕ್ಕೆ ಕೊಡುವ ಹಣ ಸಾರ್ಥಕ.

ಕಾರಣ ಈ ಬೆಟ್ಟಗಳ ರಚನೆಯಲ್ಲೇ ಇದೆ. ಕುಮಾರಪರ್ವತಕ್ಕೋ ಕೊಡಚಾದ್ರಿಗೋ ಹೋದರೆ ಬೆಳಗಿನ ತಂಪಿನಲ್ಲಿ ಹತ್ತುತ್ತೇವೆ, ದಣಿದ ಮೇಲೆ ಇಳಿಯುತ್ತೇವೆ. ಸಾಕೆನಿಸಿದರೆ ಅರ್ಧದಲ್ಲೇ ಹಿಂತಿರುಗಬಹುದು, ಇಳಿಜಾರು ನಮ್ಮ ಪರವಾಗಿರುತ್ತದೆ. ಇಲ್ಲಿ ಎಲ್ಲ ತಲೆಕೆಳಗು. ಬ್ಲೂ ಮೌಂಟನ್ಸ್ ಎನ್ನುವುದು ಮರಳುಗಲ್ಲಿನ ಒಂದು ಪ್ರಸ್ಥಭೂಮಿ. ಹೊಳೆಗಳು ಅದನ್ನು ಕೊರೆದು ಕೊರೆದು ಕಣಿವೆಗಳಾಗಿವೆ. ಊರು, ಹೆದ್ದಾರಿ, ರೈಲು ನಿಲ್ದಾಣ ಎಲ್ಲವೂ ಮೇಲೆ. ಕಟೂಂಬಾ ಊರು ಸಮುದ್ರ ಮಟ್ಟದಿಂದ ಸುಮಾರು ಒಂದು ಸಾವಿರ ಮೀಟರ್ ಎತ್ತರದಲ್ಲಿದೆ. ನೋಡಬೇಕಾದ ಕಾಡು, ಝರಿ, ಜಲಪಾತದ ಬುಡ ಎಲ್ಲವೂ ಕೆಳಗೆ. ಹಾಗಾಗಿ ಬೆಳಿಗ್ಗೆ ಮೈಯಲ್ಲಿ ಕಸುವಿರುವಾಗ ಸಲೀಸಾಗಿ ಇಳಿದುಬಿಡುತ್ತೇವೆ. ಬಿಸಿಲೇರಿ, ಬಾಟಲಿಯ ನೀರು ಮುಗಿಯುತ್ತ ಬಂದ ಹೊತ್ತಿಗೆ ಮೆಟ್ಟಿಲುಗಳ ಸಾಲು ಎದುರಾಗುತ್ತದೆ. ಎಷ್ಟು ಇಳಿಯಬೇಕು, ಎಲ್ಲಿ ನಿಲ್ಲಬೇಕು ಎಂದು ಇಳಿಯುವಾಗಲೇ ಬಲ್ಲವರು ಜೊತೆಗಿರುವುದು ಇಲ್ಲಿ ದೊಡ್ಡ ವಿಷಯ.

ನಮ್ಮದು ಬ್ಲ್ಯಾಕ್‌ಹೀತ್ ಊರಿನ ಬಳಿಯ ಗ್ರ್ಯಾಂಡ್ ಕ್ಯಾನಿಯನ್ ಹಾದಿ. ಆರು ಕಿಲೋಮೀಟರಿಗೆ ತುಸು ಹೆಚ್ಚು ಉದ್ದದ ಸುತ್ತುಹಾದಿ. ನೀಟ್ಸ್ ಗ್ಲೆನ್ ಕಡೆಯಿಂದ ಇಳಿದು ಇವಾನ್ಸ್ ಲುಕ್‌ಔಟ್ ಕಡೆಗೆ ಹತ್ತುವುದು. ದೂರ ಕೇಳಿ ಇಷ್ಟೇನಾ ಎನ್ನಬೇಡಿ, ನಿಂತು ನೋಡುತ್ತ ನಡೆದರೆ ಮೂರರಿಂದ ನಾಲ್ಕು ಗಂಟೆ ಬೇಕು. ಬೆಳಗಿನ ಏಳಕ್ಕೆ ಹಾಸ್ಟೆಲಿನ ಎದುರಿನ ರಸ್ತೆಯಲ್ಲಿ ಸಣ್ಣ ವ್ಯಾನು ಬಂದು ನಿಂತಿತು. ಹೊರಡುವ ಮೊದಲು ಮಾರ್ಗದರ್ಶಿ ಪ್ರತಿಯೊಬ್ಬರ ಬೂಟಿನ ಅಟ್ಟೆ ತಿರುಗಿಸಿ ನೋಡಿದರು, ನೀರಿನ ಬಾಟಲಿ ಎತ್ತಿ ತೂಗಿ ನೋಡಿದರು. ತಲಾ ಎರಡು ಲೀಟರ್ ಇಲ್ಲದವರಿಗೆ ಅಲ್ಲೇ ತುಂಬಿಸಿಕೊಟ್ಟರು. ಯಾರಿಗೆ ಮಂಡಿನೋವು, ಯಾರಿಗೆ ಉಬ್ಬಸ, ಯಾರು ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂದು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಿದರು. ಹಾದಿಯ ಬಾಯಲ್ಲಿ ನಿಂತು, ಇದು ಗುಂಡುಂಗುರ್ರಾ ಮತ್ತು ಧಾರುಗ್ ಜನರ ನೆಲ ಎಂದು ಹೇಳಿ, ಅವರ ಹಿರಿಯರಿಗೆ ಗೌರವ ಸಲ್ಲಿಸಿ ಆಮೇಲೆ ಹೆಜ್ಜೆ ಇಟ್ಟರು.

ಮೇಲ್ಗಡೆ ಒಣ ಕಾಡು. ನೀಲಗಿರಿ ಮರಗಳು, ಬ್ಯಾಂಕ್ಸಿಯಾ ಪೊದೆಗಳು, ಕಾಲಡಿಯಲ್ಲಿ ಚರಚರ ಎನ್ನುವ ತರಗೆಲೆ. ಹತ್ತು ಹದಿನೈದು ನಿಮಿಷ ಇಳಿಯುವಷ್ಟರಲ್ಲಿ ಬೆಳಕಿನ ಬಣ್ಣವೇ ಬೇರೆಯಾಯಿತು. ಗಾಳಿಯಲ್ಲಿ ತೇವ, ಆಳೆತ್ತರದ ಮರಜರೀಗಿಡಗಳು, ಬಂಡೆಯ ಮೈಯೆಲ್ಲ ಪಾಚಿ. ಅಂಗೈ ಇಟ್ಟರೆ ಮರಳಿನ ಕಣಗಳು ಉದುರಿ ಕೈಗೆ ಅಂಟುತ್ತವೆ. ಬಂಡೆಯ ಮೈಯಲ್ಲಿ ತುಕ್ಕಿನ ಬಣ್ಣದ ಗೆರೆಗಳು ಉಬ್ಬಿ ನಿಂತಿವೆ. ಅವು ಕಬ್ಬಿಣದ ಅಂಶ ಗಟ್ಟಿಯಾದ ಪದರಗಳಂತೆ. ಸುತ್ತಲಿನ ಮರಳು ಸವೆದರೂ ಅವು ಸವೆಯದೆ ಉಳಿದಿವೆ. ಮುಂದೆ ಒಂದು ಪುಟ್ಟ ಸುರಂಗ ದಾಟಿದರೆ ಹಾದಿ ಬಂಡೆಯ ಚಾಚಿನ ಕೆಳಗೆ ಸಾಗುತ್ತದೆ. ಪಕ್ಕದಲ್ಲಿ, ಕಣ್ಣಿಗೆ ಕಾಣದಷ್ಟು ಆಳದ ಸೀಳಿನಲ್ಲಿ ಗ್ರೀವ್ಸ್ ಕ್ರೀಕ್ ಹರಿಯುವ ಸದ್ದು ಮಾತ್ರ ಕೇಳುತ್ತದೆ.

ಕೆಳಗಿಳಿದ ಮೇಲೆ ಮಾರ್ಗದರ್ಶಿ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು. ಎಲ್ಲೋ ಒಂದು ಹಕ್ಕಿ ಉದ್ದಕ್ಕೆ ಸಿಳ್ಳೆ ಎಳೆದು ಚಾಟಿ ಬೀಸಿದಂತೆ ಮುಗಿಸಿತು, ತಕ್ಷಣ ಎರಡು ಸಣ್ಣ ಸ್ವರ ಕೇಳಿದವು. ಒಂದೇ ಹಕ್ಕಿ ಎಂದುಕೊಂಡಿದ್ದೆವು. ಅದು ಗಂಡು ವಿಪ್‌ಬರ್ಡ್ ಕರೆದದ್ದು, ಕೊನೆಯ ಎರಡು ಸ್ವರ ಹೆಣ್ಣಿನ ಮರುದನಿ ಎಂದು ಅವರು ಹೇಳಿದರು. ಮುಂದಿನ ಕರೆಗೆ ಕಿವಿಗೊಟ್ಟಾಗ ಸಿಳ್ಳೆ ಎಡಗಡೆಯ ಪೊದೆಯಿಂದ, ಉತ್ತರ ಬಲಗಡೆಯಿಂದ ಬಂದದ್ದು ಸ್ಪಷ್ಟವಾಗಿ ತಿಳಿಯಿತು. ಇನ್ನೂ ಸ್ವಲ್ಪ ಮುಂದೆ ಲೈರ್‌ಬರ್ಡ್ ಒಂದು ನಮ್ಮ ಇರವನ್ನೇ ಲೆಕ್ಕಿಸದೆ ಕಾಲಿನಿಂದ ತರಗೆಲೆ ಕೆದರುತ್ತಿತ್ತು. ಕಾಡಿನ ಇತರ ಹಕ್ಕಿಗಳ ದನಿಯನ್ನೆಲ್ಲ ಅನುಕರಿಸುವ ಹಕ್ಕಿ ಅದು. ಅದರ ಹಾಡಿನ ಕಾಲ ಚಳಿಗಾಲ. ನಾನೊಬ್ಬನೇ ಹೋಗಿದ್ದರೆ ಮುಂದಿನ ತಿರುವಿನ ಫಲಕ ಹುಡುಕುತ್ತ ಇವೆರಡನ್ನೂ ದಾಟಿ ಹೋಗುತ್ತಿದ್ದೆ.

ಹತ್ತುವ ಭಾಗದ ಬಗ್ಗೆ ಒಂದು ಮಾತು. ನಮ್ಮ ಗುಂಪಿನಲ್ಲಿ ಮಧ್ಯವಯಸ್ಸಿನ ಹೆಂಗಸೊಬ್ಬರಿಗೆ ಉಸಿರು ಕಟ್ಟುತ್ತಿತ್ತು. ಮಾರ್ಗದರ್ಶಿ ಅವರನ್ನು ಸಾಲಿನ ಮುಂದಕ್ಕೆ ತಂದರು. ಅವರ ನಡಿಗೆಯೇ ಎಲ್ಲರ ನಡಿಗೆಯಾಯಿತು. ಹಿಂದೆ ಬಿಟ್ಟು ಬೇಗ ಬನ್ನಿ ಎನ್ನುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಆಕೆ ಮೇಲೆ ತಲುಪಿದಾಗ ಮುಖದಲ್ಲಿ ನಾಚಿಕೆ ಇರಲಿಲ್ಲ, ಸಂತೋಷವಿತ್ತು.

ಮಧ್ಯಾಹ್ನ ಗೋವೆಟ್ಸ್ ಲೀಪ್ ಕಟ್ಟೆಯ ಬಳಿ ಊಟ, ಆಮೇಲೆ ಕಟೂಂಬಾದ ಎಕೋ ಪಾಯಿಂಟ್ ಕಟ್ಟೆಯಿಂದ ತ್ರೀ ಸಿಸ್ಟರ್ಸ್ ಎಂಬ ಮೂರು ಬಂಡೆಗಳ ನೋಟ. ಅದರ ಚಿತ್ರಗಳನ್ನು ಎಲ್ಲರೂ ನೋಡಿದ್ದೀರಿ, ನಾನು ವಿವರಿಸುವುದಿಲ್ಲ. ಏನಾದರೂ ಕೇಳುವುದಿದ್ದರೆ ಕೇಳಿ.

ಪ್ಯಾರಮಾಟಾ ನಿವಾಸಿ

ಚೆನ್ನಾಗಿ ಬರೆದಿದ್ದೀರಿ. ಇಲ್ಲಿ ಹಲವು ವರ್ಷಗಳಿಂದ ಇರುವವನಾಗಿ ರೈಲಿನ ಲೆಕ್ಕ ಸೇರಿಸುತ್ತೇನೆ, ಹೊಸಬರಿಗೆ ಉಪಯೋಗವಾದೀತು.

ಸಿಡ್ನಿಯ ಸೆಂಟ್ರಲ್ ನಿಲ್ದಾಣದಿಂದ ಕಟೂಂಬಾಕ್ಕೆ ನೂರು ಕಿಲೋಮೀಟರಿನಷ್ಟು ದೂರ, ರೈಲಿನಲ್ಲಿ ಎರಡು ಗಂಟೆ. ಇಲ್ಲಿನ ರೈಲು, ಬಸ್ಸಿಗೆ ಬಳಸುವ ಓಪಲ್ ಕಾರ್ಡ್ ಸಾಕು, ಬೇರೆ ಟಿಕೆಟ್ ಬೇಡ. ಶುಕ್ರವಾರದಿಂದ ಭಾನುವಾರದವರೆಗೆ ದಿನದ ಗರಿಷ್ಠ ದರ ವಾರದ ದಿನಗಳ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇಡೀ ದಿನ ಹೋಗಿ ಬಂದರೂ ಒಂದು ಹೊತ್ತಿನ ಊಟದ ಖರ್ಚಿನೊಳಗೆ ಮುಗಿಯುತ್ತದೆ. ಕಟೂಂಬಾದಲ್ಲಿ ಇಳಿದು 686ನೇ ಸಂಖ್ಯೆಯ ಬಸ್ ಹಿಡಿದರೆ ಎಕೋ ಪಾಯಿಂಟ್, ಕೇಬಲ್ ಕಾರು ಮತ್ತು ಕಡಿದಾದ ಇಳಿಜಾರಿನ ಸೀನಿಕ್ ರೈಲ್ವೆ ನಡೆಸುವ ಸೀನಿಕ್ ವರ್ಲ್ಡ್ ಎರಡಕ್ಕೂ ಹೋಗುತ್ತದೆ.

ಆದ್ದರಿಂದ ಕಟೂಂಬಾ ಸುತ್ತಮುತ್ತ ಮಾತ್ರ ನೋಡುವವರಿಗೆ ಮಾರ್ಗದರ್ಶಿ ಬೇಕಿಲ್ಲ ಎನ್ನುವುದು ನನ್ನ ಅನಿಸಿಕೆ. ಜೈಂಟ್ ಸ್ಟೇರ್‌ವೇಯ 800ಕ್ಕೂ ಹೆಚ್ಚು ಮೆಟ್ಟಿಲು ಇಳಿದು, ಡಾರ್ಡನೆಲ್ಸ್ ಪಾಸ್, ಫೆಡರಲ್ ಪಾಸ್ ಎಂಬ ಹಾದಿಗಳನ್ನು ಹಿಡಿದು ನಡೆದರೆ ಸೀನಿಕ್ ರೈಲ್ವೆಯ ಬುಡಕ್ಕೆ ಬರುತ್ತೀರಿ. ಕಾಲು ಸೋತಿದ್ದರೆ ಟಿಕೆಟ್ ಕೊಂಡು ಮೇಲೇರಬಹುದು, ಕಸುವಿದ್ದರೆ ಫರ್ಬರ್ ಸ್ಟೆಪ್ಸ್ ಎಂಬ ಮೆಟ್ಟಿಲು ಹತ್ತಬಹುದು. ಹೊರಡುವ ಮೊದಲು ಆ ದಿನ ಸೀನಿಕ್ ರೈಲ್ವೆ ಓಡುತ್ತಿದೆಯೇ ಎಂದು ನೋಡಿಕೊಳ್ಳಿ. ಅದನ್ನೇ ನಂಬಿ ಇಳಿದು, ಕೆಳಗೆ ನಿಂತು ಪರದಾಡಿದವರನ್ನು ಕಂಡಿದ್ದೇನೆ.

ಗ್ರ್ಯಾಂಡ್ ಕ್ಯಾನಿಯನ್ ಮಾತು ಬೇರೆ. ಬ್ಲ್ಯಾಕ್‌ಹೀತ್ ನಿಲ್ದಾಣದಿಂದ ಹಾದಿಯ ಬಾಯಿಗೆ ಐದಾರು ಕಿಲೋಮೀಟರ್ ಇದೆ, ಅಲ್ಲಿಗೆ ನಂಬಬಹುದಾದ ಬಸ್ ಇಲ್ಲ. ಕಾರಿಲ್ಲದ ಬ್ಯಾಕ್‌ಪ್ಯಾಕರ್‌ಗೆ ವ್ಯಾನಿನ ಚಾರಣ ಅಲ್ಲಿ ನಿಜವಾಗಿಯೂ ಅನುಕೂಲ.

ಅಮ್ಮನೊಂದಿಗೆ ಬರುವವಳು

ಮುಂದಿನ ತಿಂಗಳು ಅಪ್ಪ ಅಮ್ಮ ಮೈಸೂರಿನಿಂದ ಬರುತ್ತಿದ್ದಾರೆ. ಅಮ್ಮನಿಗೆ ಅರವತ್ತು ದಾಟಿದೆ, ಮಂಡಿನೋವು ಇದೆ, ಆದರೆ ದಿನವೂ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುವವರು. ಮೆಟ್ಟಿಲು ಅವರಿಂದ ಆಗದು. ಹಾಗೆಂದು ಬಸ್ಸಿನ ಕಿಟಕಿಯಿಂದ ತೋರಿಸಿ ಕರೆತರಲು ಮನಸ್ಸಿಲ್ಲ. ಏನು ಮಾಡಬಹುದು?

ಪ್ಯಾರಮಾಟಾ ನಿವಾಸಿ

ಮೇಡಂ, ಖಂಡಿತ ದಾರಿ ಇದೆ. ಬ್ಲ್ಯಾಕ್‌ಹೀತ್‌ನಲ್ಲಿ ರಾಷ್ಟ್ರೀಯ ಉದ್ಯಾನದವರ ಹೆರಿಟೇಜ್ ಸೆಂಟರ್ ಇದೆ. ಅಲ್ಲಿಂದ ಗೋವೆಟ್ಸ್ ಲೀಪ್‌ವರೆಗೆ ಫೇರ್‌ಫ್ಯಾಕ್ಸ್ ಹೆರಿಟೇಜ್ ವಾಕ್ ಎಂಬ ಹಾದಿ, ಎರಡು ಕಿಲೋಮೀಟರಿಗಿಂತ ಕಡಿಮೆ, ಗಾಲಿಕುರ್ಚಿಯೂ ಹೋಗುವಷ್ಟು ನಯ. ಕೊನೆಯಲ್ಲಿ ಗ್ರೋಸ್ ಕಣಿವೆ ಬಾಯ್ತೆರೆದು ನಿಲ್ಲುತ್ತದೆ. ನನ್ನ ಮಟ್ಟಿಗೆ ಎಕೋ ಪಾಯಿಂಟ್‌ಗಿಂತ ದೊಡ್ಡ ನೋಟ ಅದು, ಜನಜಂಗುಳಿಯೂ ಕಡಿಮೆ. ಕಟೂಂಬಾದಲ್ಲಾದರೆ ಸೀನಿಕ್ ವರ್ಲ್ಡ್‌ನವರ ಕೇಬಲ್ ಕಾರಿನಲ್ಲಿ ಕೆಳಗಿಳಿದು ಮಳೆಕಾಡಿನ ನಡುವೆ ಮರದ ಹಲಗೆಯ ಹಾದಿಯಲ್ಲಿ ನಡೆದು ಬರಬಹುದು. ತಾಯಿಯವರಿಗೆ ಕಾಡಿನ ಒಳಗೂ ಹೋದಂತಾಗುತ್ತದೆ.

ಬೆಚ್ಚನೆಯ ಉಡುಪು ಮರೆಯಬೇಡಿ. ಸಿಡ್ನಿಯಲ್ಲಿ ಅರ್ಧ ತೋಳಿನ ಅಂಗಿ ಸಾಕೆನಿಸುವ ದಿನವೂ ಮೇಲ್ಗಡೆ ಗಾಳಿ ಕೊರೆಯುತ್ತದೆ. ಚಳಿಗಾಲದಲ್ಲಿ ಒಮ್ಮೊಮ್ಮೆ ಹಿಮವೂ ಬೀಳುತ್ತದೆ.

ಸಹ್ಯಾದ್ರಿ ಚಾರಣಿಗ

ನನಗೆ ಭಿನ್ನಾಭಿಪ್ರಾಯವಿದೆ, ಸ್ಪಷ್ಟವಾಗಿ ಹೇಳುತ್ತೇನೆ. ಪಶ್ಚಿಮ ಘಟ್ಟದಲ್ಲಿ ಫಲಕವೂ ಇಲ್ಲದ, ಇಂಬಳ ತುಂಬಿದ ಹಾದಿಗಳಲ್ಲಿ ನಡೆದವರು ನಾವು. ಬ್ಲೂ ಮೌಂಟನ್ಸ್ ಹಾದಿಗಳಲ್ಲಿ ಅಡಿಗಡಿಗೆ ಫಲಕ, ಕೈಹಿಡಿ ಕಂಬಿ, ಕಲ್ಲಿನ ಮೆಟ್ಟಿಲು ಇವೆ. ಮಾರ್ಗದರ್ಶಿ ಬೇಕೇ ಬೇಕು ಎನ್ನುವುದು ಯುವಕರಲ್ಲಿ ತಾವಾಗಿ ನಡೆಯುವ ಧೈರ್ಯವನ್ನೇ ಕುಗ್ಗಿಸುತ್ತದೆ. ನಕ್ಷೆ ಓದಲು ಕಲಿಯಲಿ, ಹವಾಮಾನ ನೋಡಲು ಕಲಿಯಲಿ. ಆ ಹಣದಲ್ಲಿ ಒಂದು ಒಳ್ಳೆಯ ಬೂಟು ಬರುತ್ತದೆ, ಅದು ವರ್ಷಗಟ್ಟಲೆ ಬಾಳುತ್ತದೆ.

ಇನ್ನೊಂದು ವಿಷಯ. ನಾನು ಹಿಂದೆ ಹೋಗಿದ್ದ ದೊಡ್ಡ ಬಸ್ಸಿನ ಪ್ರವಾಸವೊಂದರಲ್ಲಿ ಮಾರ್ಗದರ್ಶಿ ಎನಿಸಿಕೊಂಡವರು ಚಾಲಕರೂ ಆಗಿದ್ದರು. ಧ್ವನಿವರ್ಧಕದಲ್ಲಿ ಹೇಳಿದ್ದೇ ಹೇಳಿ, ಒಂದೊಂದು ಕಡೆ ಇಪ್ಪತ್ತು ನಿಮಿಷ ಬಿಟ್ಟು, ಮಧ್ಯೆ ಅಂಗಡಿಯೊಂದರಲ್ಲಿ ಮಾತ್ರ ಧಾರಾಳವಾಗಿ ಹೊತ್ತು ಕೊಟ್ಟರು. ಅದನ್ನು ಚಾರಣ ಎಂದು ಮಾರಿದ್ದರು. ಇಂಥದ್ದಕ್ಕೆ ಯಾರೂ ಬಲಿಯಾಗಬಾರದು.

ಬೆನ್ನುಚೀಲದ ಪಯಣಿಗ

ಸರ್, ಬಸ್ ಪ್ರವಾಸದ ಬಗ್ಗೆ ನಾವಿಬ್ಬರೂ ಒಂದೇ ಕಡೆ ಇದ್ದೇವೆ. ನಕ್ಷೆ ಕಲಿಯಬೇಕು ಎನ್ನುವುದೂ ಸರಿ. ಆದರೆ ಫಲಕವಿದೆ, ಕಂಬಿಯಿದೆ ಎಂಬ ಕಾರಣಕ್ಕೆ ಹಾದಿ ಸುರಕ್ಷಿತ ಎನ್ನುವುದನ್ನು ಒಪ್ಪಲಾರೆ. ನಮ್ಮ ಘಟ್ಟದ ಬಂಡೆ ಗಟ್ಟಿ, ಇಲ್ಲಿನ ಬಂಡೆ ಉದುರುವಂಥದ್ದು. ಮರಳುಗಲ್ಲಿನ ಕೆಳಗೆ ಜೇಡಿಪದರ, ಕಲ್ಲಿದ್ದಲು ಇವೆ. ನೀರು ಆ ಮೆತ್ತನೆಯ ಪದರವನ್ನು ಕೊರೆದಾಗ ಮೇಲಿನ ಬಂಡೆಗೆ ಆಸರೆ ತಪ್ಪಿ ಮುರಿದು ಬೀಳುತ್ತದೆ. ಈ ಕಡಿದಾದ ಗೋಡೆಗಳು ಹುಟ್ಟಿದ್ದೇ ಹಾಗೆ, ಮುಂದೆಯೂ ಹುಟ್ಟುತ್ತಿರುವುದು ಹಾಗೆಯೇ. ಬಹಳ ಹಾದಿಗಳು ಆ ಮೆತ್ತನೆಯ ಪದರದ ಅಂಚಿನಲ್ಲೇ ಸಾಗುತ್ತವೆ, ಏಕೆಂದರೆ ಕಾಲಿಡಲು ಸಮತಟ್ಟಾದ ಜಾಗ ಅಲ್ಲಿ ಮಾತ್ರ ಸಿಗುತ್ತದೆ.

ಪರ್ವತ ಸುರಕ್ಷೆ

ಪಯಣಿಗರ ಮಾತಿಗೆ ದನಿಗೂಡಿಸುತ್ತೇನೆ. 2022ರ ಏಪ್ರಿಲ್‌ನಲ್ಲಿ ವೆಂಟ್‌ವರ್ತ್ ಪಾಸ್ ಹಾದಿಯಲ್ಲಿ, ವಾರಗಟ್ಟಲೆ ಸುರಿದ ಮಳೆಯ ನಂತರ, ಬಂಡೆ ಕುಸಿದು ರಜೆಗೆಂದು ಬಂದಿದ್ದ ಕುಟುಂಬವೊಂದರ ತಂದೆ ಮತ್ತು ಮಗ ತೀರಿಕೊಂಡರು. ಅವರು ನಡೆಯುತ್ತಿದ್ದುದು ಸಾವಿರಾರು ಜನ ನಡೆಯುವ, ಹೆಸರಾದ ಹಾದಿ. ಅದಾದ ಮೇಲೆ ಹಲವು ಹಾದಿಗಳನ್ನು ದೀರ್ಘಕಾಲ ಮುಚ್ಚಿ ಪರಿಶೀಲಿಸಿದರು. ಹಾದಿಯ ಬಾಯಲ್ಲಿ ಬೇಲಿ ಹಾಕಿ ಮುಚ್ಚಿದ್ದಾರೆಂದರೆ ದಯವಿಟ್ಟು ಪಕ್ಕದಿಂದ ನುಸುಳಬೇಡಿ. ಚಿತ್ರ ತೆಗೆಯಲೆಂದು ನುಸುಳುವವರನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಮಾರ್ಗದರ್ಶಿಯಿಲ್ಲದೆ ಹೋಗುವವರಿಗೆ ಒಂದು ಸೌಲಭ್ಯದ ಬಗ್ಗೆ ಹೇಳಲೇಬೇಕು, ಏಕೆಂದರೆ ನಮ್ಮವರಲ್ಲಿ ಬಹಳ ಜನರಿಗೆ ಇದು ಗೊತ್ತೇ ಇಲ್ಲ. ಅಂಗೈಯಷ್ಟು ದೊಡ್ಡದಾದ, ತುರ್ತು ಸಂದರ್ಭದಲ್ಲಿ ಉಪಗ್ರಹದ ಮೂಲಕ ನಮ್ಮ ಜಾಗವನ್ನು ತಿಳಿಸುವ ಪಿಎಲ್‌ಬಿ ಎಂಬ ಸಾಧನವನ್ನು ಇಲ್ಲಿ ಉಚಿತವಾಗಿ ಎರವಲು ಕೊಡುತ್ತಾರೆ. ಕಟೂಂಬಾ ಪೊಲೀಸ್ ಠಾಣೆಯಲ್ಲೂ ಬ್ಲ್ಯಾಕ್‌ಹೀತ್‌ನ ಹೆರಿಟೇಜ್ ಸೆಂಟರಿನಲ್ಲೂ ಕೇಳಬಹುದು. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬ ನಮೂನೆ ತುಂಬಬೇಕು, ಮರಳಿ ಬಂದ ಮೇಲೆ ಬಂದೆ ಎಂದು ತಿಳಿಸಬೇಕು. ಕಮರಿಯ ಒಳಗೆ ಮೊಬೈಲ್ ಸಿಗ್ನಲ್ ಇರುವುದಿಲ್ಲ ಎಂಬುದನ್ನು ನೆನಪಿಡಿ. ಸಿಗ್ನಲ್ ಇರುವಲ್ಲಿ ತುರ್ತು ಕರೆಗೆ 000. ಎಮರ್ಜೆನ್ಸಿ ಪ್ಲಸ್ ಎಂಬ ಆ್ಯಪ್ ಇಟ್ಟುಕೊಂಡರೆ ನೀವು ನಿಂತಿರುವ ಜಾಗವನ್ನು ಕರೆ ತೆಗೆದುಕೊಂಡವರಿಗೆ ಓದಿ ಹೇಳಬಹುದು.

ಬೇಸಿಗೆಯಲ್ಲಿ ಬೆಂಕಿಯ ಅಪಾಯದ ಮಟ್ಟವನ್ನು ಪ್ರತಿದಿನ ನೋಡಲೇಬೇಕು. ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕಟಾಸ್ಟ್ರೊಫಿಕ್ ಎಂದು ನಾಲ್ಕು ಮಟ್ಟಗಳಿವೆ. ಕೊನೆಯ ಎರಡರಲ್ಲಿ ಕಾಡಿನ ಹತ್ತಿರ ಸುಳಿಯಬೇಡಿ, ಉದ್ಯಾನವನ್ನೇ ಮುಚ್ಚಿರುವ ಸಾಧ್ಯತೆಯೂ ಇದೆ.

ಕೊಡಗಿನ ಹುಡುಗಿ

ಹಾವು, ಜೇಡದ ಬಗ್ಗೆ ಯಾರೂ ಹೇಳಲಿಲ್ಲ. ಮನೆಯಲ್ಲಿ ಎಲ್ಲರೂ ಅದನ್ನೇ ಹೇಳಿ ಹೆದರಿಸುತ್ತಿದ್ದಾರೆ.

ಪರ್ವತ ಸುರಕ್ಷೆ

ಇವೆ, ಆದರೆ ಹೆದರಿ ಮನೆಯಲ್ಲಿ ಕೂರುವಷ್ಟಿಲ್ಲ. ಹಾವುಗಳು ಬೆಚ್ಚಗಿನ ದಿನಗಳಲ್ಲಿ ಹಾದಿಯ ಮೇಲೆ ಬಿಸಿಲು ಕಾಯಿಸುತ್ತ ಮಲಗಿರುತ್ತವೆ. ನಿಂತು, ಹಿಂದೆ ಸರಿದು, ಅದು ತಾನಾಗಿ ಹೋಗುವವರೆಗೆ ಕಾಯಿರಿ. ಈ ಭಾಗದ ಫನಲ್-ವೆಬ್ ಜೇಡದ ವಿಷ ತೀಕ್ಷ್ಣವಾದದ್ದೇ. ಆದರೆ 1981ರಲ್ಲಿ ಪ್ರತಿವಿಷ ಬಂದ ಮೇಲೆ ಅದರಿಂದ ಸಾವು ದಾಖಲಾಗಿಲ್ಲ. ಹಾವಾಗಲಿ ಈ ಜೇಡವಾಗಲಿ ಕಚ್ಚಿದರೆ ಪ್ರಥಮ ಚಿಕಿತ್ಸೆ ಒಂದೇ: ಅಗಲದ ಬ್ಯಾಂಡೇಜನ್ನು ಇಡೀ ಕೈಗೆ ಅಥವಾ ಕಾಲಿಗೆ ಬಿಗಿಯಾಗಿ ಸುತ್ತಿ, ಅಲುಗಾಡದಂತೆ ಕಟ್ಟಿ, ರೋಗಿಯನ್ನು ನಡೆಸದೆ ಮಲಗಿಸಿ ಸಹಾಯಕ್ಕೆ ಕರೆ ಮಾಡುವುದು. ಗಾಯ ಕೊಯ್ಯುವುದು, ಹೀರುವುದು, ತೊಳೆಯುವುದು ಏನೂ ಬೇಡ. ಒಳ್ಳೆಯ ಮಾರ್ಗದರ್ಶಿಯ ಚೀಲದಲ್ಲಿ ಈ ಬ್ಯಾಂಡೇಜು ಇದ್ದೇ ಇರುತ್ತದೆ.

ಮಳೆಯಾದ ಮೇಲೆ ಇಂಬಳ ಇರುತ್ತವೆ. ಕೊಡಗಿನವರಾದ ನಿಮಗೆ ಅದನ್ನು ಹೇಳಿಕೊಡಬೇಕಿಲ್ಲ. ಉಣ್ಣಿ ಹುಳವೂ ಕಚ್ಚುತ್ತದೆ, ರಾತ್ರಿ ಮೈಯೆಲ್ಲ ಒಮ್ಮೆ ನೋಡಿಕೊಳ್ಳಿ.

ಅರಣ್ಯಶಾಸ್ತ್ರದ ವಿದ್ಯಾರ್ಥಿನಿ

ಮೂಲ ಬರಹದಲ್ಲಿ ಒಣ ಕಾಡಿನಿಂದ ತೇವದ ಕಾಡಿಗೆ ಇಳಿದ ವಿವರ ಓದಿ ಬಹಳ ಖುಷಿಯಾಯಿತು. ನಾನು ಇಲ್ಲಿ ಓದುತ್ತಿರುವುದು ಇದನ್ನೇ, ಸ್ವಲ್ಪ ಉದ್ದವಾಗಿ ಬರೆದರೆ ಸಹಿಸಿಕೊಳ್ಳಿ.

ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ನಮಗೆ ನೀಲಗಿರಿ ಮರವೆಂದರೆ ಸಾಲಾಗಿ ನೆಟ್ಟ ತೋಪು, ಬತ್ತಿದ ಕೊಳವೆಬಾವಿ, ಅಡಿಯಲ್ಲಿ ಹುಲ್ಲೂ ಬೆಳೆಯದ ನೆಲ. ಕರ್ನಾಟಕ ಸರ್ಕಾರ 2017ರಲ್ಲಿ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ಆ ನೆನಪು ಹೊತ್ತು ಇಲ್ಲಿಗೆ ಬಂದವಳಿಗೆ ಮೊದಲ ಸಲ ಈ ಮರವನ್ನು ಅದರ ಸ್ವಂತ ಮನೆಯಲ್ಲಿ ಕಂಡಾಗ ಮನಸ್ಸು ತಿರುಗಿತು. ಇಲ್ಲಿ ಅದು ಒಂದು ಜಾತಿಯಲ್ಲ. ಗ್ರೇಟರ್ ಬ್ಲೂ ಮೌಂಟನ್ಸ್ ಪ್ರದೇಶದ ಹತ್ತು ಲಕ್ಷ ಹೆಕ್ಟೇರಿಗೂ ಹೆಚ್ಚಿನ ಕಾಡಿನಲ್ಲಿ ತೊಂಬತ್ತಕ್ಕೂ ಹೆಚ್ಚು ಬಗೆಯ ನೀಲಗಿರಿಗಳಿವೆ. 2000ದಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಲು ಮುಖ್ಯ ಕಾರಣಗಳಲ್ಲಿ ಈ ವೈವಿಧ್ಯವೂ ಒಂದು. ಗಾಳಿ ಬಡಿಯುವ ಏಣಿನಲ್ಲಿ ಆಳೆತ್ತರದ ಕುಳ್ಳು ಪೊದೆಯಾಗಿರುವುದೂ ಅದೇ ಕುಲ, ಕಣಿವೆಯಲ್ಲಿ ಮುಗಿಲು ಮುಟ್ಟುವ ಮರವೂ ಅದೇ ಕುಲ. ಸ್ಕ್ರಿಬ್ಲಿ ಗಮ್ ಎಂಬ ಜಾತಿಯ ನುಣುಪು ತೊಗಟೆಯ ಮೇಲೆ ಯಾರೋ ಪೆನ್ಸಿಲಿನಲ್ಲಿ ಗೀಚಿದಂಥ ಗೆರೆಗಳಿರುತ್ತವೆ. ಅವು ಪತಂಗದ ಮರಿಹುಳು ತೊಗಟೆಯೊಳಗೆ ತಿನ್ನುತ್ತ ಹೋದ ದಾರಿ. ಹತ್ತಿರ ಹೋಗಿ ನೋಡಿದರೆ ಗೆರೆ ಶುರುವಾಗುವಲ್ಲಿ ಸಣ್ಣ, ಹುಳು ಬೆಳೆದಂತೆ ಅಗಲವಾಗುತ್ತ ಹೋಗುವುದು ಕಾಣುತ್ತದೆ.

2019-20ರ ಕಾಳ್ಗಿಚ್ಚಿನ ಮಾತು ಬರದೆ ಇರುವುದಿಲ್ಲ. 2019ರ ಅಕ್ಟೋಬರ್ ಕೊನೆಯಲ್ಲಿ ಸಿಡಿಲಿನಿಂದ ಹತ್ತಿದ ಗಾಸ್ಪರ್ಸ್ ಮೌಂಟನ್ ಬೆಂಕಿಯೊಂದೇ ಐದು ಲಕ್ಷ ಹೆಕ್ಟೇರಿಗೂ ಹೆಚ್ಚು ಪ್ರದೇಶವನ್ನು ಸುಟ್ಟಿತು. ಆ ಬೇಸಿಗೆಯಲ್ಲಿ ಈ ವಿಶ್ವ ಪರಂಪರೆಯ ಪ್ರದೇಶದ ಸುಮಾರು ನೂರಕ್ಕೆ ಎಂಬತ್ತು ಭಾಗಕ್ಕೆ ಬೆಂಕಿ ತಗಲಿತು. ಚಾರಣದಲ್ಲಿ ಕಪ್ಪಾದ ಕಾಂಡದ ಮೈಯಿಂದಲೇ, ಕೊಂಬೆಗಾಗಿ ಕಾಯದೆ, ಚಿಗುರು ಒಡೆದಿರುವ ಮರಗಳನ್ನು ನೋಡಿರುತ್ತೀರಿ. ತೊಗಟೆಯಡಿಯಲ್ಲಿ ಅಡಗಿದ್ದ ಮೊಗ್ಗುಗಳು ಬೆಂಕಿಯ ನಂತರ ಎಚ್ಚರಗೊಂಡದ್ದು ಅದು. ಕೆಲವು ಜಾತಿಗಳು ಬುಡದ ಗಡ್ಡೆಯಿಂದ ಮರಳಿ ಏಳುತ್ತವೆ. ಆದರೆ ಕಮರಿಯ ತಳದ ಕೋಚ್‌ವುಡ್, ಸಾಸಾಫ್ರಾಸ್‌ನಂಥ ಮಳೆಕಾಡಿನ ಮರಗಳು ಬೆಂಕಿಗೆ ಅಷ್ಟು ಒಗ್ಗಿದವಲ್ಲ. ತೇವವೇ ಅವುಗಳ ರಕ್ಷೆ. ಬರ ಬಂದು ಕಮರಿಯೇ ಒಣಗಿದರೆ ಆ ರಕ್ಷೆ ಹೋಗುತ್ತದೆ. ನನ್ನ ಚಿಂತೆ ಇರುವುದು ಅಲ್ಲಿ.

ವಾಲೆಮೈ ಪೈನ್ ಬಗ್ಗೆಯೂ ಹೇಳುತ್ತೇನೆ. ಪಳೆಯುಳಿಕೆಗಳಲ್ಲಿ ಮಾತ್ರ ಬಲ್ಲ ಕುಲಕ್ಕೆ ಹತ್ತಿರದ ಈ ಮರ 1994ರಲ್ಲಿ ಇಲ್ಲಿನ ಕಮರಿಯೊಂದರಲ್ಲಿ ಜೀವಂತವಾಗಿ ಸಿಕ್ಕಿತು. ಕಾಡಿನಲ್ಲಿ ಉಳಿದಿರುವ ದೊಡ್ಡ ಮರಗಳು ನೂರಕ್ಕಿಂತ ಕಡಿಮೆ. ಜಾಗವನ್ನು ಗುಟ್ಟಾಗಿಟ್ಟಿದ್ದಾರೆ. ಆ ಬೆಂಕಿಯಲ್ಲಿ ಹೆಲಿಕಾಪ್ಟರಿನಿಂದ ಸಿಬ್ಬಂದಿಯನ್ನು ಇಳಿಸಿ, ನೀರು ಹಾಯಿಸಿ ಅದನ್ನು ಉಳಿಸಿದರು.

ಇದೇ ಕಾರಣಕ್ಕೆ ಒಂದು ಕಳಕಳಿಯ ವಿನಂತಿ: ಬೂಟು ತೊಳೆಯಿರಿ. ಫೈಟಾಫ್ತೊರಾ ಎಂಬ ಬೇರುಕೊಳೆ ರೋಗಾಣು ಕೆಸರಿನ ಮೂಲಕ ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಮಣ್ಣು ಮೆತ್ತಿದ ಬೂಟನ್ನು ಊರಿನಿಂದ ತಂದಿದ್ದರೆ ವಿಮಾನ ನಿಲ್ದಾಣದ ಫಾರಂನಲ್ಲಿ ಅದನ್ನು ತಿಳಿಸುವುದು ಕಡ್ಡಾಯ. ಘಟ್ಟದಲ್ಲಿ ನಡೆದ ಬೂಟಾದರೆ ಊರಲ್ಲೇ ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಅಟ್ಟೆಯ ಸಂದಿಗಳನ್ನೆಲ್ಲ ಉಜ್ಜಿ ಒಣಗಿಸಿ ತನ್ನಿ.

ಸಹ್ಯಾದ್ರಿ ಚಾರಣಿಗ

ಈ ಬರಹಕ್ಕೆ ಧನ್ಯವಾದ. ಬೂಟಿನ ವಿಷಯ ನಮ್ಮ ಘಟ್ಟದ ಚಾರಣಗಳಲ್ಲಿ ಯಾರೂ ಯೋಚಿಸುವುದೇ ಇಲ್ಲ, ಯೋಚಿಸಬೇಕು.

ಮಾರ್ಗದರ್ಶಿ ಇತಿಹಾಸ ಏನು ಹೇಳಿದರು? ನಾನು ಹೋದ ಬಸ್ಸಿನಲ್ಲಿ 1813ರಲ್ಲಿ ಬ್ಲ್ಯಾಕ್ಸ್‌ಲ್ಯಾಂಡ್, ಲಾಸನ್, ವೆಂಟ್‌ವರ್ತ್ ಎಂಬ ಮೂವರು ಈ ಬೆಟ್ಟಗಳನ್ನು ಮೊದಲು ದಾಟಿದರು ಎಂದಷ್ಟೇ ಹೇಳಿ ಮುಗಿಸಿದ್ದರು.

ಬೆನ್ನುಚೀಲದ ಪಯಣಿಗ

ನಮ್ಮ ಮಾರ್ಗದರ್ಶಿ ಅದೇ ಮೂವರ ಹೆಸರನ್ನು ರೈಲುದಾರಿಯ ಊರುಗಳ ಫಲಕಗಳಲ್ಲಿ ತೋರಿಸಿ, ಬಿಳಿಯರಿಗೆ ಅದು ಮೊದಲ ದಾರಿಯಾಗಿರಬಹುದು, ಇಲ್ಲಿನ ಜನ ಸಾವಿರಾರು ವರ್ಷಗಳಿಂದ ಇದೇ ಏಣುಗಳ ಮೇಲೆ ಓಡಾಡುತ್ತಿದ್ದರು ಎಂದರು. ಮರುವರ್ಷವೇ ಆರಂಭವಾಗಿ 1815ಕ್ಕೆ ಮುಗಿದ ರಸ್ತೆಯನ್ನು ಕಡಿದವರು ಕೈದಿಗಳು ಎಂಬುದನ್ನೂ ಹೇಳಿದರು. 1836ರ ಜನವರಿಯಲ್ಲಿ ಚಾರ್ಲ್ಸ್ ಡಾರ್ವಿನ್ ವೆಂಟ್‌ವರ್ತ್ ಫಾಲ್ಸ್ ಬಳಿಯ ಅಂಚಿಗೆ ನಡೆದು ಬಂದಿದ್ದ. ಈ ಭಾರಿ ಕಣಿವೆಗಳನ್ನು ಇಷ್ಟು ಸಣ್ಣ ತೊರೆಗಳು ಕೊರೆದಿರಲಾರವು, ಸಮುದ್ರವೇ ಕೊರೆದಿರಬೇಕು ಎಂದು ಆತ ಭಾವಿಸಿದನಂತೆ. ತೊರೆಯ ಪಕ್ಕದಲ್ಲೇ ನಿಂತು ಕೇಳುವಾಗ ಆತನ ಸಂಶಯ ಸಹಜ ಎನಿಸಿತು.

ತ್ರೀ ಸಿಸ್ಟರ್ಸ್ ವಿಷಯದಲ್ಲೂ ಅವರು ಎಚ್ಚರದಿಂದ ಮಾತನಾಡಿದರು. ಮೀನಿ, ವಿಮ್ಲಾ, ಗನ್ನೆಡೂ ಎಂಬ ಮೂರು ಬಂಡೆಗಳು. ಸಮುದ್ರ ಮಟ್ಟದಿಂದ ಎತ್ತರ 922, 918, 906 ಮೀಟರ್. ಮೂವರು ಅಕ್ಕತಂಗಿಯರನ್ನು ಮಾಂತ್ರಿಕನೊಬ್ಬ ಕಲ್ಲಾಗಿಸಿದ ಕಥೆಯನ್ನು ಪ್ರವಾಸಿಗರಿಗೆ ಎಲ್ಲರೂ ಹೇಳುತ್ತಾರೆ. ಆ ರೂಪದ ಕಥೆ ಮೂಲನಿವಾಸಿಗಳದ್ದೇ ಎಂಬ ಬಗ್ಗೆ ವಿದ್ವಾಂಸರಲ್ಲಿ ತಕರಾರಿದೆ, ಆದ್ದರಿಂದ ನಾನದನ್ನು ಅವರ ಬಾಯಿಗೆ ಹಾಕಿ ಹೇಳುವುದಿಲ್ಲ ಎಂದರು. ಆ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು. ಸೀನಿಕ್ ರೈಲ್ವೆ ಮೊದಲು ಕಲ್ಲಿದ್ದಲು ಗಣಿಯ ಹಳಿ. 52 ಡಿಗ್ರಿ ಇಳಿಜಾರಿನಲ್ಲಿ ಈಗ ನಾವು ಖುಷಿಗೆ ಕೂಗುತ್ತ ಇಳಿಯುವಲ್ಲಿ ಹಿಂದೆ ಗಣಿಯ ಕಲ್ಲಿದ್ದಲು ಮೇಲೇರುತ್ತಿತ್ತು.

ಕೊಡಗಿನ ಹುಡುಗಿ

ಇದೇ ಬಗೆಯಲ್ಲಿ ಕೊಸ್ಸಿಯಸ್ಕೊ ಶಿಖರಕ್ಕೆ ಸಿಡ್ನಿಯಿಂದ ಒಂದು ದಿನದಲ್ಲಿ ಹೋಗಿ ಬರಬಹುದೇ? ಆಸ್ಟ್ರೇಲಿಯಾದ ಅತಿ ಎತ್ತರದ ಬೆಟ್ಟ ಹತ್ತಿದೆ ಎಂದು ಮನೆಯವರಿಗೆ ಹೇಳುವ ಆಸೆ.

ಪ್ಯಾರಮಾಟಾ ನಿವಾಸಿ

ಸಿಡ್ನಿಯಿಂದ ಒಂದೇ ದಿನಕ್ಕೆ ಬೇಡ. ಶಿಖರದ ಬುಡದ ಊರಾದ ಥ್ರೆಡ್‌ಬೋಗೆ ಹೆಚ್ಚುಕಡಿಮೆ 500 ಕಿಲೋಮೀಟರ್ ಆಗುತ್ತದೆ. ಅಲ್ಲೇ ಉಳಿದುಕೊಂಡು ಹೋದರೆ ಶಿಖರ ಅರ್ಧ ದಿನದ ಕೆಲಸ. ಥ್ರೆಡ್‌ಬೋದಿಂದ ಕುರ್ಚಿಲಿಫ್ಟ್ ಹಿಡಿದರೆ ಎತ್ತರದ ಬಹುಪಾಲು ಅದೇ ಏರಿಸುತ್ತದೆ. ಆಮೇಲೆ ಹೋಗಿಬರುವ ದೂರ 13 ಕಿಲೋಮೀಟರ್. ಹೆಚ್ಚಿನ ಹಾದಿ ಉಕ್ಕಿನ ಜಾಲರಿಯ ಮೇಲೆ. ಕಾಲಡಿಯ ಆಲ್ಪೈನ್ ಸಸ್ಯಗಳು ತುಳಿತಕ್ಕೆ ಸಿಗದಿರಲೆಂದು ಹಾಗೆ ಕಟ್ಟಿದ್ದಾರೆ. ಶಿಖರದ ಎತ್ತರ 2228 ಮೀಟರ್. ನಡೆಯಲು ಸುಲಭ, ಆದರೆ ಮರವೇ ಇಲ್ಲದ ಬೋಳು ಎತ್ತರವಾದ್ದರಿಂದ ಗಾಳಿ, ಮಂಜು ಹೇಳದೆ ಕೇಳದೆ ಬರುತ್ತವೆ. ಜೂನ್‌ನಿಂದ ಅಕ್ಟೋಬರ್ ವರೆಗೆ ಹಿಮ. ಬೇಸಿಗೆಯಲ್ಲಿ ಬಿಸಿಲಿನಿಂದ ಚರ್ಮ ಸುಡುತ್ತದೆ, ನಮ್ಮ ಮೈಬಣ್ಣಕ್ಕೆ ಏನೂ ಆಗದು ಎಂದುಕೊಳ್ಳಬೇಡಿ. ಸನ್‌ಸ್ಕ್ರೀನ್, ಅಗಲ ಅಂಚಿನ ಟೊಪ್ಪಿ ಕಡ್ಡಾಯ.

ಅಮ್ಮನೊಂದಿಗೆ ಬರುವವಳು

ಫೇರ್‌ಫ್ಯಾಕ್ಸ್ ಹಾದಿ ಅಮ್ಮನಿಗೆಂದು ಗೊತ್ತು ಮಾಡಿಕೊಂಡೆ. ಅಪ್ಪನನ್ನು ಅಮ್ಮನ ಜೊತೆ ಬಿಟ್ಟು, ಇನ್ನೊಂದು ದಿನ ನಾನೊಬ್ಬಳೇ ಗ್ರ್ಯಾಂಡ್ ಕ್ಯಾನಿಯನ್ ಚಾರಣಕ್ಕೆ ಸೇರೋಣ ಎಂದಿದ್ದೇನೆ. ಊಟದಲ್ಲಿ ಸಸ್ಯಾಹಾರ ಸಿಗುತ್ತದೆಯೇ? ಬುಕ್ ಮಾಡುವಾಗ ಏನೇನು ಕೇಳಬೇಕು?

ಬೆನ್ನುಚೀಲದ ಪಯಣಿಗ

ಅಕ್ಕಾ, ಸಸ್ಯಾಹಾರ ಎಂದು ಮೊದಲೇ ಬರೆದು ತಿಳಿಸಿದರೆ ಕೊಡುತ್ತಾರೆ, ಆದರೆ ತಣ್ಣನೆಯ ಬ್ರೆಡ್ಡಿನ ಊಟ. ನಾನು ಚಪಾತಿ, ಚಟ್ನಿಪುಡಿ ಒಯ್ದಿದ್ದೆ. ಹತ್ತುವಾಗ ಬಾಯಿಗೆ ಹಾಕಿಕೊಳ್ಳಲು ಕಡಲೆಕಾಯಿ ಚಿಕ್ಕಿಯೂ ಇತ್ತು, ಅದರಷ್ಟು ನೆರವಾದದ್ದು ಇನ್ನೊಂದಿಲ್ಲ. ಹಕ್ಕಿಗಳು ಊಟದ ಹತ್ತಿರ ಬರುತ್ತವೆ, ದಯವಿಟ್ಟು ಏನೂ ಹಾಕಬೇಡಿ. ಬಾಳೆಹಣ್ಣಿನ ಸಿಪ್ಪೆಯನ್ನೂ ಚೀಲದಲ್ಲೇ ವಾಪಸು ತರಬೇಕು.

ಬುಕ್ ಮಾಡುವ ಮೊದಲು ಇವನ್ನು ಕೇಳಿ. ಗುಂಪಿನಲ್ಲಿ ಗರಿಷ್ಠ ಎಷ್ಟು ಜನ? ಹನ್ನೆರಡು ದಾಟಿದರೆ ಮಾರ್ಗದರ್ಶಿಯ ಮಾತು ಹಿಂದಿನವರಿಗೆ ಕೇಳಿಸುವುದಿಲ್ಲ. ನಿಜವಾಗಿ ನಡೆಯುವ ಹೊತ್ತು ಎಷ್ಟು ಗಂಟೆ? ಎರಡಕ್ಕಿಂತ ಕಡಿಮೆ ಎಂದರೆ ಅದು ಬಸ್ ಪ್ರವಾಸ. ಮಾರ್ಗದರ್ಶಿಗೆ ಪ್ರಥಮ ಚಿಕಿತ್ಸೆಯ ತರಬೇತಿ ಇದೆಯೇ, ಪಿಎಲ್‌ಬಿ ಒಯ್ಯುತ್ತಾರೆಯೇ? ರಾಷ್ಟ್ರೀಯ ಉದ್ಯಾನದೊಳಗೆ ಹಣ ಪಡೆದು ಜನರನ್ನು ಕರೆದೊಯ್ಯಲು ಇಲ್ಲಿ ಪರವಾನಗಿ ಬೇಕು. ಅದು ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ, ಇದ್ದವರು ಸಂತೋಷದಿಂದ ಹೇಳುತ್ತಾರೆ. ಎಲ್ಲಕ್ಕಿಂತ ಮುಖ್ಯ, ಮಳೆಯಿಂದ ಗ್ರ್ಯಾಂಡ್ ಕ್ಯಾನಿಯನ್ ಮುಚ್ಚಿದ್ದರೆ ಬದಲಿಗೆ ಯಾವ ಹಾದಿ ಎಂದು ಹೆಸರು ಹೇಳಿಸಿ. ಯಾವುದಾದರೂ ನೋಡೋಣ ಎನ್ನುವವರ ಜೊತೆ ಹೋಗಬೇಡಿ. ನಮ್ಮ ಮಾರ್ಗದರ್ಶಿ ಹಿಂದಿನ ರಾತ್ರಿಯೇ ಉದ್ಯಾನದ ಎಚ್ಚರಿಕೆಗಳ ಪುಟ ನೋಡಿ, ಹಾದಿ ತೆರೆದಿದೆ, ಕಲ್ಲು ಜಾರುತ್ತಿದೆ, ಹಿಡಿತವಿರುವ ಬೂಟು ಹಾಕಿ ಬನ್ನಿ ಎಂದು ಎಲ್ಲರಿಗೂ ಸಂದೇಶ ಕಳಿಸಿದ್ದರು.

ನೀವು ಯಾವ ವಾರ ಹೋಗುತ್ತೀರಿ ಎಂದು ಇಲ್ಲೇ ತಿಳಿಸಿ. ಆ ಹೊತ್ತಿಗೆ ನಾನು ಬ್ಲ್ಯಾಕ್‌ಹೀತ್‌ನ ತೋಟವೊಂದರಲ್ಲಿ ಕೆಲಸಕ್ಕಿರುತ್ತೇನೆ, ಮಳೆ ಹೇಗಿದೆ ಎಂದು ನೋಡಿ ಹಿಂದಿನ ದಿನ ಬರೆಯುತ್ತೇನೆ.